ಏಳು ಸಾವಿರ ಅಡಿಯ ಗೆರೆ

ಏಪ್ರಿಲ್. ನೆಬ್ರಾಸ್ಕದ ಗಾಳಿಗೆ ಇನ್ನೂ ಹಲ್ಲಿದೆ.
ಊಟದ ಮೇಜು ಒರೆಸಿ, ತಟ್ಟೆ ಎತ್ತಿಟ್ಟು
ನಕಾಶೆ ಹಾಸಿದೆ.
ಪಡುವಣದ ತುದಿ ಮೇಜು ದಾಟಿ ಇಳಿಬಿತ್ತು,
ನಮಗೆ ಬೇಕಾದ ಬೆಟ್ಟಗಳೆಲ್ಲ ಇದ್ದದ್ದು ಅಲ್ಲೇ.
ಜೂನಿ ನೆಲದಲ್ಲಿ ಕೂತು, ಕತ್ತೆತ್ತಿ
ನೇತಾಡುವ ಪರ್ವತಗಳ ಹೆಸರು ಓದಿದಳು.

ನಮ್ಮೂರಲ್ಲಿ ಎತ್ತರವೆಂದರೆ ಗೋಧಿ ಕಣಜದ ಗೋಪುರ.
ಸಂಜೆ ಅದರ ನೆರಳು ರೈಲುಹಳಿ ದಾಟಿ ಬಂದು
ನಮ್ಮ ಬಟ್ಟೆ ಒಣಗುವ ತಂತಿಯ ಮೇಲೆ ಕೂರುತ್ತದೆ.
ಅದರೊಳಗೆ ಮೂವತ್ತೆಂಟು ವರ್ಷ ಧೂಳು ಕುಡಿದ
ಮಾವ ಹಾರ್ಲನ್
ಈಗ ತಮ್ಮ ಉಸಿರನ್ನು ಎರಡು ಗಾಲಿಯ ಮೇಲೆ
ಎಳೆದುಕೊಂಡು ತಿರುಗುತ್ತಾರೆ,
ಹಟದ ಕರುವನ್ನು ಎಳೆದ ಹಾಗೆ.

ದೂರದ ಬೆಟ್ಟ ನುಣ್ಣಗೆ, ಸರಿ.
ನಕಾಶೆಯ ಬೆಟ್ಟ ಇನ್ನೂ ನುಣ್ಣಗೆ.
ಬೆರಳಾಡಿಸಿದರೆ ಒಂದು ಕಲ್ಲೂ ತಾಗದು;
ಕಂದು ಗೆರೆ, ಗೆರೆಯೊಳಗೆ ಗೆರೆ,
ಓದು ಬಾರದ ಯಾರೋ ಹಿರಿಯರು
ಭೂಮಿಯ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಹೋದ ಹಾಗೆ.

ಒಂಬತ್ತು ದಿನ ರಜೆ, ಮೂರು ಉದ್ಯಾನ, ಒಂದು ಹಳೇ ವ್ಯಾನು.
ಓರಿನ್ ರೈಲು ಯಾರ್ಡಿನ ರಾತ್ರಿಪಾಳಿಯಿಂದ ತಂದ
ಮೊಂಡು ಪೆನ್ಸಿಲಿನಲ್ಲಿ ಮೈಲಿ ಕೂಡಿಸಿದ,
ಪೆಟ್ರೋಲು ಕಳೆದ,
ಒಂದು ಉದ್ಯಾನವನ್ನೂ ಕಳೆದ.
ಕ್ಲೆಮ್‌ಗೆ ಹನ್ನೆರಡು ಸಾವಿರ ಅಡಿಯ ರಸ್ತೆಯೇ ಬೇಕು,
ಜುಲೈನಲ್ಲೂ ಹಿಮವಿರುವ ರಸ್ತೆ.
ಜೂನಿಗೆ ಒಂದೇ ಪ್ರಶ್ನೆ:
ನಾವು ಬರುವ ತಾರೀಖು ಕರಡಿಗೆ ಯಾರು ಹೇಳುತ್ತಾರೆ?

ಫ್ರಿಜ್ಜಿನ ಬಾಗಿಲ ಮೇಲೆ, ಜೋಳದ ತೆನೆಯ ಅಯಸ್ಕಾಂತದಡಿ
ಡಾಕ್ಟರ ಚೀಟಿ.
ಏಳು ಸಾವಿರ ಅಡಿಗಿಂತ ಮೇಲೆ ಬೇಡ.
ಹಾಲು ತೆಗೆಯುವಾಗ ಎಲ್ಲರೂ ಓದಿದ್ದೆವು,
ಗಟ್ಟಿಯಾಗಿ ಯಾರೂ ಓದಿರಲಿಲ್ಲ.
"ನೀವು ಹೋಗಿ ಬನ್ನಿ," ಎಂದರು ಮಾವ,
"ನಾಯಿಗೆ ಯಾರಾದರೂ ಊಟ ಹಾಕಬೇಕಲ್ಲ."

ನಾಯಿ ಸತ್ತು ಏಳು ತಿಂಗಳಾಗಿತ್ತು.

ಗಡಿಯಾರ ಸ್ವಲ್ಪ ಹೊತ್ತು ಒಂಟಿಯಾಗಿ ಮಾತಾಡಿತು.
ಆಮೇಲೆ ಕ್ಲೆಮ್, ಹದಿನಾಲ್ಕರ ಕ್ಲೆಮ್,
ಕರೆದರೆ ತಲೆಯೆತ್ತದ ಹುಡುಗ,
ತಂಗಿಯ ಕೈಯಿಂದ ಹಸಿರು ಬಳಪ ಕಿತ್ತುಕೊಂಡ.
ಸಾವಿರ ಗೆರೆಗಳಲ್ಲಿ ಆ ಒಂದು ಗೆರೆ ಹುಡುಕಿ
ಅದರ ಮೇಲೇ ನಡೆದ, ನಾಲಗೆ ಕಚ್ಚಿ,
ಕಣಿವೆಗಳ ಒಳಹೊಕ್ಕು, ಮೂಗುಗಳನ್ನು ಸುತ್ತಿ, ಮತ್ತೆ ಹೊರಬಂದು.
"ಇದರ ಕೆಳಗಿರುವುದೆಲ್ಲ ತಾತನದು" ಎಂದ.

ಎಷ್ಟೊಂದಿತ್ತು!
ಎರಡು ಕೆರೆ, ಒಂದು ಬಿಸಿನೀರ ಬುಗ್ಗೆ,
ಆಸ್ಪೆನ್ ಮರಗಳ ಇಡೀ ಒಂದು ಕಣಿವೆ,
ಕಾಡೆಮ್ಮೆಗಳು ಅಡ್ಡ ನಿಲ್ಲುವ ರಸ್ತೆಯ ಮುಕ್ಕಾಲು ಭಾಗ.
ಮಾವ ಕನ್ನಡಕ ಏರಿಸಿ ಬಾಗಿದರು.
ಉಗುರು ಒಂದು ತಿರುವಿನಲ್ಲಿ ನಿಂತಿತು.
"ಮದುವೆಯಾದ ವರ್ಷ ಕಾರು ಕುದ್ದು ಕೂತದ್ದು ಇಲ್ಲೇ.
ಓಪಲ್ ಬಾನೆಟ್ಟಿನ ಮೇಲೆ ಕೂತು
ಪೀಚ್ ಹಣ್ಣು ತಿಂದಳು, ಆರು.
ಶಿಖರ ನೋಡಲಿಲ್ಲ. ಅವಳು ಕೇಳಲೂ ಇಲ್ಲ."
ಆ ತಿರುವು, ಕ್ಲೆಮ್ ಲೆಕ್ಕ ಹಾಕಿದ,
ಗೆರೆಯ ಕೆಳಗಿತ್ತು. ಕೂದಲೆಳೆಯಷ್ಟು.

ಮೇ ಒಂದರ ಬೆಳಿಗ್ಗೆ ಏಳಕ್ಕೆ ಬುಕಿಂಗ್ ತೆರೆಯಿತು,
ನಾಲ್ಕು ನಿಮಿಷದಲ್ಲಿ ಮುಗಿಯಿತು.
ನಾಲ್ಕು ಫೋನು, ಎಂಟು ಹೆಬ್ಬೆರಳು,
ಸಿಕ್ಕಿದ್ದು ಒಂದೇ ಒಂದು ಡೇರೆಯ ಜಾಗ:
ಆರು ಸಾವಿರದ ಎಂಟುನೂರು ಅಡಿ, ಕಕ್ಕಸಿನ ಪಕ್ಕ.
ನಾನು ಮುಖ ಸಿಂಡರಿಸಿದೆ.
"ರಾತ್ರಿ ನಾಲ್ಕು ಸಲ ಏಳುವವನಿಗೆ
ಇದು ಅರಮನೆ" ಎಂದರು ಮಾವ.

ಹೊರಡಲು ಇನ್ನೂ ಆರು ವಾರ.
ವ್ಯಾನಿಗೆ ಟೈರು ಬೇಕು, ಮಾವನಿಗೆ ಎರಡು ಹೆಚ್ಚಿನ ಸಿಲಿಂಡರು,
ಜೂನಿಗೆ ಕರಡಿಯ ಒಪ್ಪಿಗೆ.
ನಕಾಶೆ ಮಾತ್ರ ಮೊದಲಿನ ಮಡಿಕೆಗೆ ಬರುತ್ತಿಲ್ಲ.
ಹೇಗೆ ಮಡಿಸಿದರೂ
ಒಂದು ಬೆಟ್ಟ ಹೊರಗೆ ಉಬ್ಬಿ ನಿಲ್ಲುತ್ತದೆ.
ಅದರ ಮೇಲೆ ಉಪ್ಪಿನ ಡಬ್ಬಿ ಇಟ್ಟಿದ್ದೇನೆ,
ಸದ್ಯಕ್ಕೆ.